ಅಪ್ಪ-ಅವ್ವನಿಗೆ ಟಿಕೆಟ್ ತೆಗೆಸುವ ಮುನ್ನ

ತಂಗಡಗಿ,
ಕೃಷ್ಣಾ ತೀರ

ಅಮೆರಿಕ, ಕೆನಡಾ, ಇಂಗ್ಲೆಂಡ್, ಜರ್ಮನಿ, ಆಸ್ಟ್ರೇಲಿಯ, ಕೊಲ್ಲಿ ದೇಶಗಳಲ್ಲಿ ದುಡಿಯುತ್ತಿರುವ ಮುದ್ದೇಬಿಹಾಳ, ಬಾಗೇವಾಡಿ, ಸಿಂದಗಿ, ಇಂಡಿ ಕಡೆಯ ನನ್ನ ಪ್ರೀತಿಯ ಮಕ್ಕಳೇ,



ನಿಮ್ಮಲ್ಲಿ ಕೆಲವರಿಗೆ ನಾನೇ ಕೈ ಹಿಡಿದು ಅಕ್ಷರ ತಿದ್ದಿಸಿರಬಹುದು. ಮುದ್ದೇಬಿಹಾಳ ತಾಲ್ಲೂಕಿನ ಹಳ್ಳಿ ಶಾಲೆಗಳಲ್ಲಿ ಮೂವತ್ತು ವರ್ಷ ಮೀರಿ ಕಲಿಸಿ ಈಗ ಮನೆಯಲ್ಲಿದ್ದೇನೆ. ಎರಡು ಸಲ ಮಗನ ಮನೆಗೆ ಅಮೆರಿಕಕ್ಕೆ ಹೋಗಿ ಬಂದವಳೆಂದು ಊರವರು ನನ್ನನ್ನು ಕೇಳಲು ಬರುತ್ತಾರೆ. ಹೋದ ವಾರ ಒಬ್ಬ ತಾಯಿ ಬಂದಿದ್ದಳು. ಮಗ ವಾಟ್ಸಾಪಿನಲ್ಲಿ ಟಿಕೆಟ್ ಕಳಿಸಿದ್ದ. ನವೆಂಬರ್ ಕೊನೆಗೆ ಹೊರಡುವುದು, ಮೇ ಕೊನೆಗೆ ಮರಳುವುದು. "ಎರಡು ಸ್ವೆಟರ್ ತಗೊಂಡ್ರ ಸಾಕೇನ್ರಿ ಅಕ್ಕಾರ?" ಎಂದು ಕೇಳಿದಳು. ನನಗೆ ತಕ್ಷಣ ಮಾತು ಹೊರಡಲಿಲ್ಲ. ಆಕೆ ಆ ಪ್ರಶ್ನೆಯನ್ನು ಮಗನಿಗೆ ಕೇಳಬೇಕಿತ್ತು. ಕೇಳುವುದಿಲ್ಲ. ಅವನ ಸಂತೋಷಕ್ಕೆ ಎಲ್ಲಿ ಕುಂದು ಬಂದೀತೋ ಎಂಬ ಅಂಜಿಕೆ. ಅದಕ್ಕೇ ಆಕೆಯ ಪರವಾಗಿ, ಅಂಥ ಎಲ್ಲ ಅಪ್ಪ-ಅವ್ವಂದಿರ ಪರವಾಗಿ, ನಿಮಗೆ ಈ ಪತ್ರ.

ಕರೆ ಎಂಬ ಮಾತಿಗೆ ನಮ್ಮೂರಿನಲ್ಲಿ ತೂಕ ಹೆಚ್ಚು. ಕೂಡಲಸಂಗಮದಿಂದ ಬಸವಣ್ಣನವರು ಕಳಿಸಿದ ಕರೆ ಹೊತ್ತು ಹಡಪದ ಅಪ್ಪಣ್ಣನವರು ಕಲ್ಯಾಣಕ್ಕೆ ಹೋದದ್ದು, ನೀಲಮ್ಮ ತಾಯಿ ಹೊರಟು ಬಂದು ಈ ದಂಡೆಯಲ್ಲೇ ಐಕ್ಯವಾದದ್ದು ಇಲ್ಲಿನ ಮಕ್ಕಳಿಗೂ ಗೊತ್ತು. ನೀವು ಕರೆಯುತ್ತೀರಿ, ಹಿರಿಯರು ಹೊರಡುತ್ತಾರೆ. ಆ ಕರೆಯನ್ನು ನಾನು ಎಂದೂ ತಪ್ಪೆನ್ನುವುದಿಲ್ಲ. ಕರೆಸಿಕೊಳ್ಳಿ, ತಪ್ಪದೆ ಕರೆಸಿಕೊಳ್ಳಿ. ಯಾವ ತಿಂಗಳಲ್ಲಿ ಎಂಬುದನ್ನು ಮಾತ್ರ ನನ್ನೊಂದಿಗೆ ಕುಳಿತು ಯೋಚಿಸಿ.

ನಮ್ಮ ಮೊದಲ ಪಯಣ 2018ರದ್ದು. ಸೆಪ್ಟೆಂಬರಿನಲ್ಲಿ ಚೆನ್ನೈಗೆ ಹೋಗಿ ವೀಸಾ ಸಂದರ್ಶನ ಮುಗಿಸಿದೆವು. ಮಗ ಫೋನಿನಲ್ಲಿ, "ಅವ್ವಾ, ವೀಸಾ ಬಂತಲ್ಲ, ಇನ್ಯಾಕ ತಡಾ? ನವೆಂಬರ್‌ದಾಗ ಟಿಕೆಟ್ ಸೋವಿ ಅದಾವ, ಬಂದುಬಿಡ್ರಿ" ಎಂದ. ನಮಗೂ ಮೊಮ್ಮಗಳನ್ನು ಎತ್ತಿಕೊಳ್ಳುವ ಆತುರ. ದೀಪಾವಳಿ ಮುಗಿಸಿ ಹೊರಟೆವು. ಆ ವೀಸಾ ಹತ್ತು ವರ್ಷ ನಡೆಯುತ್ತದೆ, ಆರು ತಿಂಗಳು ಕಾದಿದ್ದರೆ ಏನೂ ಹೋಗುತ್ತಿರಲಿಲ್ಲ ಎಂಬುದು ಅವನಿಗೂ ಹೊಳೆಯಲಿಲ್ಲ, ನಮಗೂ ಹೊಳೆಯಲಿಲ್ಲ.

ಶಿಕಾಗೊ ಹತ್ತಿರದ ಊರು. ತಿಂಗಳು ತುಂಬುವ ಮೊದಲೇ ಹಿಮ ಬಿತ್ತು. ಮೊದಲ ದಿನ ಅಂಗೈಯಲ್ಲಿ ಹಿಡಿದು ನೋಡಿ ಮಕ್ಕಳಂತೆ ನಕ್ಕೆವು. ಆಮೇಲೆ ಶುರುವಾಯಿತು ನೋಡಿ ಹಗಲಿನ ಬರ. ಡಿಸೆಂಬರಿನಲ್ಲಿ ಅಲ್ಲಿ ಹೊತ್ತು ಮುಳುಗುವುದು ಸಂಜೆ 4:20ಕ್ಕೆ. ಇಡೀ ಹಗಲು 9 ಗಂಟೆಗೆ ತುಸು ಹೆಚ್ಚು, ಅಷ್ಟೆ. ನಮ್ಮೂರಿನ ಅತಿ ಸಣ್ಣ ಹಗಲೂ 11 ಗಂಟೆ ಇರುತ್ತದೆ. ಮಗ-ಸೊಸೆ ಕತ್ತಲಲ್ಲಿ ಕೆಲಸಕ್ಕೆ ಹೊರಟು ಕತ್ತಲಲ್ಲೇ ಮರಳುವರು. ನಡುವೆ ಮನೆಯಲ್ಲಿ ನಾವಿಬ್ಬರೇ. ಯಂತ್ರದಿಂದ ಬರುವ ಬಿಸಿಗಾಳಿಗೆ ತುಟಿ ಒಡೆದವು, ಹಿಮ್ಮಡಿ ಒಡೆದವು, ನನ್ನ ಮೂಗಿನಲ್ಲಿ ರಕ್ತ ಬಂತು. ಕಿಟಕಿಯಾಚೆ ಬಿಸಿಲು ಕಾಣುತ್ತಿತ್ತು, ಆದರೆ ಆ ಬಿಸಿಲಿಗೆ ಕಾವು ಇರಲಿಲ್ಲ. ನಲವತ್ತು ವರ್ಷ ಬೆಳಗಿನ ಐದಕ್ಕೆ ಹೊಲದ ಹಾದಿ ಹಿಡಿದ ನಮ್ಮ ಮನೆಯವರು ಆ ಕಿಟಕಿಯ ಬಳಿ ಕುರ್ಚಿ ಹಾಕಿಕೊಂಡು ಕುಳಿತುಬಿಟ್ಟರು. ಒಂದು ದಿನ, ಸುಮ್ಮನೆ ಕುಳಿತು ಬೇಸತ್ತು, ಬಾಗಿಲ ಮುಂದಿನ ಅಂಚೆ ಪೆಟ್ಟಿಗೆಯವರೆಗೆ ಹೋಗಿ ಬರುತ್ತೇನೆಂದು ಹೊರಟರು. ಕಲ್ಲಿನ ಮೇಲೆ ಗಾಜಿನಂತೆ ಕಟ್ಟಿದ ಮಂಜುಗಡ್ಡೆ ಅವರ ಕಣ್ಣಿಗೆ ಕಾಣಲಿಲ್ಲ. ಜಾರಿ ಬಿದ್ದರು, ಎಡಗೈ ಮಣಿಕಟ್ಟು ಬಿರುಕು ಬಿಟ್ಟಿತು.

2019ರ ಜನವರಿ ಮೊದಲ ವಾರ ಎಳ್ಳಮಾವಾಸ್ಯೆ ಬಂತು. ಸಜ್ಜೆ ರೊಟ್ಟಿ, ಭಜ್ಜಿ ಪಲ್ಲೆ, ಎಣ್ಣೆಗಾಯಿ, ಶೇಂಗಾ ಹೋಳಿಗೆ ಬುಟ್ಟಿಯಲ್ಲಿ ತುಂಬಿಕೊಂಡು ಊರಿಗೂರೇ ಹೊಲಕ್ಕೆ ಹೋಗಿ ಬೆಳೆಗೆ ಚರಗ ಚೆಲ್ಲುವ ದಿನ. ಹೊಲ ನೋಡಿಕೊಳ್ಳುತ್ತಿದ್ದ ಹುಡುಗ ಅಲ್ಲಿಂದಲೇ ವಿಡಿಯೋ ಕಾಲ್ ಮಾಡಿದ. ಊರಲ್ಲಿ ಮಧ್ಯಾಹ್ನ 12:30, ನಮಗೆ ರಾತ್ರಿ 1 ಗಂಟೆ. ಚಳಿಗಾಲದಲ್ಲಿ ಶಿಕಾಗೊಗೂ ನಮಗೂ ಹನ್ನೊಂದೂವರೆ ಗಂಟೆ ಅಂತರ. ಕಟ್ಟು ಹಾಕಿದ ಕೈಯನ್ನು ಕಂಬಳಿಯೊಳಗೆ ಇಟ್ಟುಕೊಂಡು ಇವರು ಅಲ್ಲಿಯವರೆಗೆ ಎದ್ದೇ ಇದ್ದರು. ಎದೆಮಟ್ಟ ನಿಂತ ಜೋಳ, ಬನ್ನಿಗಿಡದ ಬುಡದಲ್ಲಿ ಪೂಜೆ, ಓಡಾಡುವ ಮಕ್ಕಳು, ಎಲ್ಲವನ್ನೂ ಅಂಗೈಯಗಲದ ಫೋನಿನಲ್ಲಿ ನೋಡಿದರು. ಮಾತು ಮುಗಿದ ಮೇಲೂ ಮಲಗಲಿಲ್ಲ. ಬಹಳ ಹೊತ್ತಿನ ನಂತರ ಒಂದೇ ಮಾತು ಹೇಳಿದರು: "ಮ್ಯಾಲಿನ ಒಡ್ಡಿನ ಕಡೆ ಚರಗಾನ ಚೆಲ್ಲಲಿಲ್ಲ ನೋಡು ಆ ಹುಡುಗ."

ಮಗ ಬೆಳಿಗ್ಗೆ, "ಅಪ್ಪಾ, ನಿದ್ದಿ ಹತ್ತಿತೇನು?" ಎಂದು ಕೇಳಿದಾಗ, "ಹೂಂ, ಛಲೋ ಹತ್ತಿತು" ಎಂದರು.

ಅದೇ ಜನವರಿ 30ರಂದು ಶಿಕಾಗೊದಲ್ಲಿ ತಾಪಮಾನ ಸೊನ್ನೆಗಿಂತ 30 ಡಿಗ್ರಿ ಕೆಳಗಿಳಿಯಿತು. ಶಾಲೆ ಮುಚ್ಚಿದವು, ಅಂಚೆಯೂ ನಿಂತಿತು. ನಾವು ಏಪ್ರಿಲ್‌ನಲ್ಲಿ ಊರಿಗೆ ಹೊರಟಾಗ ಅಲ್ಲಿ ಗಿಡಗಳು ಇನ್ನೂ ಚಿಗುರಿರಲಿಲ್ಲ. ಐದು ತಿಂಗಳಲ್ಲಿ ಹಸಿರು ಎಂಬುದನ್ನು ಕಾಣದೆ ಬಂದೆವು. ಮಗನದು ಎಳ್ಳಷ್ಟೂ ತಪ್ಪಿರಲಿಲ್ಲ. ತನಗೆ ಅಭ್ಯಾಸವಾದ ಚಳಿ ನಮಗೂ ಹಾಗೇ ಎಂದುಕೊಂಡಿದ್ದ, ಅಷ್ಟೇ.

ಎರಡನೆಯ ಸಲ ಹೋದದ್ದು 2023ರಲ್ಲಿ. ಈ ಸಲ ಮಗನೇ ಮುಂಚಿತವಾಗಿ ಕೇಳಿದ, ನಾನೂ ಸಂಕೋಚ ಬಿಟ್ಟು ಹೇಳಿದೆ. ಬಸವ ಜಯಂತಿ ಮುಗಿಸಿ ಏಪ್ರಿಲ್ ಕೊನೆಗೆ ಹೊರಟೆವು. ಇಲ್ಲಿ ನೆತ್ತಿ ಸುಡುವ ಬಿಸಿಲು, ಅಲ್ಲಿ ಮರಗಳು ತಳಿರೊಡೆಯುವ ಹೊತ್ತು. ಮೇ ಕೊನೆಗೆ, ರಾತ್ರಿಯ ಮಂಜು ನಿಂತ ಮೇಲೆ, ಹಿತ್ತಲಲ್ಲಿ ಒಂದು ಮಡಿ ಮಾಡಿ ಇವರು ಪುಂಡಿ, ಮೆಂತ್ಯ ಹಾಕಿದರು. ಜೂನ್‌ನಲ್ಲಿ ಅಲ್ಲಿ ಹಗಲು 15 ಗಂಟೆ. ರಾತ್ರಿ ಎಂಟೂವರೆಗೆ ಸೂರ್ಯ ಮುಳುಗುವಾಗ ಸಂಜೆಯ ಲಿಂಗಪೂಜೆ ಯಾವಾಗ ಮಾಡಬೇಕೆಂದು ಇವರಿಗೆ ಕೆಲವು ದಿನ ಗೊಂದಲವಾಯಿತು. ಮೊಮ್ಮಗಳಿಗೆ ಶಾಲೆ ರಜೆ. ತಾತನ ಕೈ ಹಿಡಿದು ಉದ್ಯಾನಕ್ಕೆ ಹೋಗುವಳು. ಅಲ್ಲಿನ ಬೆಂಚಿನ ಮೇಲೆ ಒಬ್ಬ ತೆಲುಗಿನ ಹಿರಿಯರು, ಒಬ್ಬ ಗುಜರಾತಿ ಹಿರಿಯರು ಗೆಳೆಯರಾದರು. ಹರಕು ಮುರುಕು ಹಿಂದಿಯಲ್ಲಿ ಮೂವರೂ ಹತ್ತಿಯ ದರ ಮಾತಾಡುತ್ತಿದ್ದರು. ನಾಲ್ಕು ವರ್ಷದ ಹಿಂದೆ ಕಿಟಕಿಯ ಬಳಿ ಕುಳಿತಿದ್ದ ಮನುಷ್ಯ ಇವರೇನಾ ಎಂದು ನನಗೇ ಅನಿಸುತ್ತಿತ್ತು. ತೊಂದರೆಯೇ ಇರಲಿಲ್ಲ ಎನ್ನಲಾರೆ. ಜೂನ್ ಕೊನೆಗೆ ಕೆನಡಾದ ಕಾಡ್ಗಿಚ್ಚಿನ ಹೊಗೆ ಶಿಕಾಗೊವನ್ನು ಮುಸುಕಿ ನಾವು ಬಾಗಿಲು ಹಾಕಿಕೊಂಡು ಕೂರಬೇಕಾಯಿತು. ಆದರೆ ಅದು ಕೆಲವೇ ದಿನದ ಮಾತು. ಪಂಚಮಿಗೆ ಉಂಡಿ ಕಟ್ಟುವ ಹೊತ್ತಿಗೆ ಊರಿನಲ್ಲಿದ್ದೆವು. ಆ ವರ್ಷ ಬರ ಬಿತ್ತು, ನಿಜ. ಆದರೂ ಬಿತ್ತಬೇಕೋ ಬೇಡವೋ ಎಂದು ಮುಗಿಲು ನೋಡುತ್ತ ನಿಲ್ಲುವಾಗ ಇವರು ತಮ್ಮ ಹೊಲದಲ್ಲೇ ನಿಂತಿದ್ದರು.

ಮಕ್ಕಳೇ, ಪ್ರವಾಸಕ್ಕೆ ಒಳ್ಳೆಯ ಕಾಲ ಯಾವುದು ಎಂದು ಹುಡುಕುವಾಗ ನೀವು ಅಲ್ಲಿನ ಹವೆ ನೋಡುತ್ತೀರಿ, ನಿಮ್ಮ ರಜೆ ನೋಡುತ್ತೀರಿ, ಟಿಕೆಟ್ ದರ ನೋಡುತ್ತೀರಿ. ಅಪ್ಪ-ಅವ್ವನಿಗೆ ಇಲ್ಲಿಯೂ ಒಂದು ಕಾಲವಿದೆ ಎಂಬುದು ಲೆಕ್ಕದಿಂದ ಬಿಟ್ಟುಹೋಗುತ್ತದೆ. ಅದನ್ನು ನಿಮಗೆ ನೆನಪಿಸುವುದೇ ಈ ಪತ್ರದ ಮುಖ್ಯ ಕೆಲಸ.

ನಮ್ಮ ಎರೆಭೂಮಿಯ ಲೆಕ್ಕ ನೀವು ಮರೆತಿರಬಹುದು. ಹಿಂಗಾರಿ ಹೊಲದವರು ಉತ್ತರಿ, ಹಸ್ತಿ ಮಳೆಗೆ, ಅಂದರೆ ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್‌ವರೆಗೆ, ಜೋಳ, ಕಡಲೆ, ಕುಸುಬೆ ಬಿತ್ತುತ್ತಾರೆ. ಫೆಬ್ರವರಿ-ಮಾರ್ಚ್‌ಗೆ ಸುಗ್ಗಿ. ರಾಶಿ ಮುಗಿಸಿ, ಕಣಕಿ ಬಣವೆ ಒಟ್ಟಿ, ಕಾಳು ಚೀಲಕ್ಕೆ ತುಂಬಿದ ಮೇಲೆ ಅವರ ಕೈ ಬಿಡುವು. ಮತ್ತೆ ಕೂರಿಗೆ ಹಿಡಿಯುವುದು ಸೆಪ್ಟೆಂಬರಿಗೇ. ಅಮೆರಿಕ, ಕೆನಡಾ, ಯುರೋಪಿನ ಒಳ್ಳೆಯ ಕಾಲವೂ ಸರಿಯಾಗಿ ಆ ನಡುವೆಯೇ ಬರುತ್ತದೆ. ಇಂಥ ಹೊಂದಾಣಿಕೆ ಕಣ್ಣೆದುರಿಗಿದ್ದೂ ನಾವು ನವೆಂಬರಿನ ಟಿಕೆಟ್ ತೆಗೆಯುತ್ತೇವಲ್ಲ ಎಂದು ನನಗೆ ಸಂಕಟ.

ನನ್ನನ್ನು ಕೇಳಿದರೆ, ಬಸವ ಜಯಂತಿಯ ನಂತರ ಹೊರಟು ನಾಗರ ಪಂಚಮಿಗೆ ಮೊದಲು ಮರಳುವಂತೆ ಟಿಕೆಟ್ ಇರಲಿ. ವೈಶಾಖದ ತದಿಗೆಯಿಂದ ಶ್ರಾವಣದ ಪಂಚಮಿಗೆ ಮೂರು ತಿಂಗಳು. ನಡುವೆ ಅಧಿಕ ಮಾಸ ಬಿದ್ದರೆ ನಾಲ್ಕು. 2023ರಲ್ಲಿ ಶ್ರಾವಣವೇ ಅಧಿಕವಾಗಿ ಬಂದದ್ದರಿಂದ ನಮಗೆ ಒಂದು ತಿಂಗಳು ಹೆಚ್ಚು ಸಿಕ್ಕಿತು. ಇಲ್ಲಿನ ಮೇ ತಿಂಗಳ ಬೇಗೆ ತಪ್ಪುತ್ತದೆ, ಮೊಮ್ಮಕ್ಕಳ ಬೇಸಿಗೆ ರಜೆ ದಕ್ಕುತ್ತದೆ, ಪಂಚಮಿಗೆ ತವರಿಗೆ ಬರುವ ಹೆಣ್ಣುಮಕ್ಕಳಿಗೆ ಬಾಗಿಲು ತೆರೆದಿರುತ್ತದೆ. ನಿಮ್ಮ ಅಕ್ಕ-ತಂಗಿಯರು ಪಂಚಮಿಗೆ ಬಂದು ಬೀಗ ಹಾಕಿದ ಮನೆ ನೋಡಿ ಹಿಂದಿರುಗುವುದು ಸಣ್ಣ ಮಾತಲ್ಲ. ನದಿ ದಂಡೆಯ ಊರವರಿಗೆ ಇನ್ನೊಂದು ಕಾರಣವೂ ಇದೆ. 2019ರ ಆಗಸ್ಟಿನಲ್ಲಿ ಆಲಮಟ್ಟಿಯಿಂದ 5 ಲಕ್ಷ ಕ್ಯೂಸೆಕ್ ಮೀರಿ ನೀರು ಬಿಟ್ಟಾಗ ದಂಡೆಯ ಹೊಲಗಳು ಮುಳುಗಿದವು. ನಾವು ಅಮೆರಿಕದಿಂದ ಬಂದು ನಾಲ್ಕೇ ತಿಂಗಳಾಗಿತ್ತು. ಅಂಥ ದಿನ ಸಾವಿರಾರು ಮೈಲಿ ದೂರದಲ್ಲಿ ಕುಳಿತು ನದಿಯ ವಿಡಿಯೋ ನೋಡುವುದಕ್ಕಿಂತ ಇಲ್ಲಿ ಎತ್ತುಗಳನ್ನು ಬಿಚ್ಚಿ ಮೇಲಕ್ಕೆ ಸಾಗಿಸುವುದೇ ಅವರಿಗೆ ಹಗುರ.

ಎಲ್ಲರಿಗೂ ಇದೇ ಹೊಂದುವುದಿಲ್ಲ. ಮುಂಗಾರಿ ತೊಗರಿಯವರಿಗೆ ಜೂನ್-ಜುಲೈ ಬಿತ್ತನೆಯ ಕಾಲ, ಡಿಸೆಂಬರ್-ಜನವರಿ ಕೊಯ್ಲು. ಅವರು ಎಡೆ ಹೊಡೆದು, ಕಳೆ ತೆಗೆಸಿ, ಪಂಚಮಿ ಮುಗಿಸಿ ಆಗಸ್ಟ್ ಕೊನೆಗೆ ಹೊರಡಲಿ. ಅಕ್ಟೋಬರ್ ಮುಗಿಯುವುದರೊಳಗೆ ಮರಳಲಿ. ಗಿಡಗಳೆಲ್ಲ ಅರಿಶಿನ-ಕುಂಕುಮ ಬಣ್ಣಕ್ಕೆ ತಿರುಗುವುದನ್ನು ನೋಡುತ್ತಾರೆ, ಟಿಕೆಟ್ಟೂ ಬೇಸಿಗೆಯಷ್ಟು ತುಟ್ಟಿ ಇರುವುದಿಲ್ಲ. ಆದರೆ ಮೊಮ್ಮಕ್ಕಳು ಶಾಲೆಗೆ ಹೋಗಿರುತ್ತಾರೆ, ಅದೊಂದು ಕೊರತೆ. ಕಬ್ಬಿನವರದು ಕಾರ್ಖಾನೆಯ ಕೈಯಲ್ಲಿದೆ. ಅವರನ್ನೇ ಕೇಳಿ.

ದೇಶ ಬೇರೆಯಾದರೆ ಲೆಕ್ಕವೂ ಬೇರೆ. ಆಸ್ಟ್ರೇಲಿಯದಲ್ಲಿ ಎಲ್ಲ ತಿರುವುಮುರುವು. ನಮ್ಮ ಎಳ್ಳಮಾವಾಸ್ಯೆಗೆ ಅಲ್ಲಿ ಕಡು ಬೇಸಿಗೆ, ಜೂನ್-ಜುಲೈಗೆ ಚಳಿ. ಮೆಲ್ಬರ್ನ್‌ನಲ್ಲಿರುವವರು ಸುಗ್ಗಿ ಮುಗಿದ ಕೂಡಲೇ, ಮಾರ್ಚ್ ಕೊನೆಗೆ, ಕರೆಸಿಕೊಂಡು ಮೇ ಒಳಗೆ ಕಳಿಸಿಕೊಡಿ. ಇಂಗ್ಲೆಂಡಿನಲ್ಲಿರುವವರಿಗೆ ನನ್ನದೊಂದು ಪ್ರೀತಿಯ ಬೇಡಿಕೆ ಇದೆ. ಲಂಡನ್ನಿನ ಲ್ಯಾಂಬೆತ್‌ನಲ್ಲಿ, ಥೇಮ್ಸ್ ನದಿಯ ದಂಡೆಯ ಮೇಲೆ, 2015ರ ನವೆಂಬರ್ 14ರಂದು ಬಸವಣ್ಣನವರ ಪ್ರತಿಮೆ ಅನಾವರಣಗೊಂಡಿತು. ನಮ್ಮ ಭಾಗದ ಹಿರಿಯರು ಲಂಡನ್ನಿಗೆ ಬಂದರೆ ಮೊದಲು ನೋಡಬಯಸುವುದು ಅದನ್ನೇ. ಅದೇ ನವೆಂಬರಿನಲ್ಲಿ ಕರೆದೊಯ್ದರೆ ಸಂಜೆ ನಾಲ್ಕೂಕಾಲಿಗೆ ಕತ್ತಲು. ವೈಶಾಖದಲ್ಲಿ, ಬಸವ ಜಯಂತಿಯ ಸುಮಾರಿಗೆ ಕರೆದೊಯ್ದರೆ ರಾತ್ರಿ ಎಂಟರವರೆಗೂ ಬೆಳಕು. ಕೃಷ್ಣೆಯ ದಂಡೆಯವರು ಇನ್ನೊಂದು ನದಿಯ ದಂಡೆಯ ಮೇಲೆ ಬಸವಣ್ಣನವರೆದುರು ಅವಸರವಿಲ್ಲದೆ ನಿಲ್ಲಲಿ.

ಕೊಲ್ಲಿ ದೇಶಗಳಲ್ಲಿ ದುಡಿಯುವ ಮಕ್ಕಳೇ, ನಿಮ್ಮಲ್ಲಿ ಒಳ್ಳೆಯ ಕಾಲ ನವೆಂಬರಿನಿಂದ ಮಾರ್ಚ್‌ವರೆಗೆ. ದುಬೈ, ಅಬುಧಾಬಿಗಳಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ನಡು ಮಧ್ಯಾಹ್ನ ಬಯಲಿನಲ್ಲಿ ಕೆಲಸ ಮಾಡಿಸುವುದಕ್ಕೆ ಸರ್ಕಾರವೇ ತಡೆ ಹಾಕಿದೆ. ಗಟ್ಟಿಮುಟ್ಟಾದ ದುಡಿಮೆಗಾರರಿಗೇ ಬೇಡವೆಂದ ಬಿಸಿಲಿಗೆ ಎಪ್ಪತ್ತರ ತಾಯಿಯನ್ನು ಕರೆಯಬೇಡಿ. ಅಪ್ಪ-ಅಮ್ಮನನ್ನು ಹಜ್‌ಗೆ ಕರೆದೊಯ್ಯುವುದಾದರೆ, ಆ ಯಾತ್ರೆಯ ದಿನಗಳನ್ನು ಯಾರಿಗೂ ಆರಿಸಿಕೊಳ್ಳಲು ಬರುವುದಿಲ್ಲ. ಅದು ಚಂದ್ರಮಾನದಂತೆ ಪ್ರತಿ ವರ್ಷ ಸುಮಾರು 11 ದಿನ ಹಿಂದಕ್ಕೆ ಸರಿಯುತ್ತದೆ. 2024ರ ಜೂನ್‌ನಲ್ಲಿ ಮೆಕ್ಕಾದಲ್ಲಿ 51.8 ಡಿಗ್ರಿ ಬಿಸಿಲು ದಾಖಲಾಯಿತು, 1,301 ಯಾತ್ರಿಕರು ತೀರಿಕೊಂಡರೆಂದು ಸೌದಿ ಸರ್ಕಾರವೇ ತಿಳಿಸಿತು. 2030ರ ಹೊತ್ತಿಗೆ ಹಜ್ ಏಪ್ರಿಲ್‌ಗೆ ಬಂದಿರುತ್ತದೆ. ಅಪ್ಪ-ಅಮ್ಮನಿಗೆ ಅಲ್ಲಿಯವರೆಗೆ ಕಾಯುವ ತ್ರಾಣ, ಮನಸ್ಸು ಇದ್ದರೆ ಕಾಯಲಿ. ಉಮ್ರಾಕ್ಕಾದರೆ ಕಾಲದ ಕಟ್ಟಿಲ್ಲ. ಡಿಸೆಂಬರ್-ಜನವರಿಯಲ್ಲಿ ಕರೆದೊಯ್ಯಿರಿ.

ಬಾಣಂತನದ ಮಾತು ಬೇರೆ. ಕೂಸು ಋತು ನೋಡಿ ಹುಟ್ಟುವುದಿಲ್ಲ. ಮಗಳ ಹೆರಿಗೆ ಜನವರಿಯಲ್ಲಿ ಬಂದರೆ ಅವ್ವ ಹಿಮದಲ್ಲಿಯೂ ಬರುತ್ತಾಳೆ, ಬರಲೇಬೇಕು. ಆಗ ನೀವು ಮಾಡಬೇಕಾದದ್ದು ಕೆಲವಿದೆ. ದಪ್ಪ ಕೋಟು, ಜಾರದ ಬೂಟು, ಕೈಗವಸು ವಿಮಾನ ನಿಲ್ದಾಣಕ್ಕೇ ತನ್ನಿ. ಮನೆಗೆ ಬಂದ ಮೇಲೆ ಅಂಗಡಿಗೆ ಹೋಗೋಣ ಎನ್ನಬೇಡಿ. ಚಳಿಗಾಲದ ಜ್ವರಕ್ಕೆ ಹಾಕುವ ಲಸಿಕೆಯನ್ನು ಹೊರಡುವ ಎರಡು ವಾರ ಮೊದಲೇ ಇಲ್ಲಿ ಹಾಕಿಸಿ. ಅವಳ ಹಾಸಿಗೆಯನ್ನು ಬಿಸಿಲು ಬೀಳುವ ಕೋಣೆಯಲ್ಲಿ ಹಾಕಿ. ಅಪ್ಪನ ವಿಷಯದಲ್ಲಿ ನಿಷ್ಠುರವಾಗಿ ಹೇಳುತ್ತೇನೆ, ಕ್ಷಮಿಸಿ: ಜೊತೆಗೆ ಇರಲಿ ಎಂದು ಅವರನ್ನೂ ಆ ಚಳಿಗೆ ಎಳೆಯಬೇಡಿ. ಅವರು ಸುಗ್ಗಿ ಮುಗಿಸಿ ಏಪ್ರಿಲ್‌ಗೆ ಬರಲಿ, ಮೂರು ತಿಂಗಳ ಕೂಸನ್ನು ಎತ್ತಿ ಆಡಿಸಲಿ. ಆಮೇಲೆ ಇಬ್ಬರೂ ಕೂಡಿ ಮರಳಲಿ.

ಇನ್ನು ಹಣದ ಮಾತು. ಮೇ-ಜೂನ್ ಟಿಕೆಟ್ ತುಟ್ಟಿ ಎಂಬುದು ನನಗೆ ಗೊತ್ತು. ನೀವು ಅಲ್ಲಿ ದುಡ್ಡು ಉದುರುವ ಗಿಡದ ಕೆಳಗೆ ಕುಳಿತಿಲ್ಲ ಎಂಬುದನ್ನೂ ಎರಡು ಸಲ ಕಣ್ಣಾರೆ ಕಂಡಿದ್ದೇನೆ. ಅದಕ್ಕಾಗಿಯೇ ಸಂಕ್ರಾಂತಿಯ ಹೊತ್ತಿಗೇ ಮಾತು ಮುಗಿಸಿ ಟಿಕೆಟ್ ತೆಗೆಯಿರಿ ಎನ್ನುತ್ತೇನೆ. ಆಗಲೂ ಕೈಗೆಟುಕದಿದ್ದರೆ ಒಂದು ವರ್ಷ ತಡೆಯಿರಿ. ಎರಡು ಚಳಿಗಾಲದ ಪಯಣಕ್ಕಿಂತ ಒಂದು ಬೇಸಿಗೆಯ ಪಯಣ ಅವರಿಗೆ ಹೆಚ್ಚು ದಿನ ನೆನಪಿನಲ್ಲಿ ಉಳಿಯುತ್ತದೆ, ನಮ್ಮ ಮನೆಯಲ್ಲೇ ಉಳಿದಿದೆ. ವೀಸಾಕ್ಕೆ ಮಾತ್ರ ತಡ ಮಾಡಬೇಡಿ. ಸಂದರ್ಶನದ ದಿನ ಸಿಗುವುದೇ ಕಷ್ಟ. ವೀಸಾ ಮೊದಲು ಕೈಯಲ್ಲಿರಲಿ, ಕಾಲ ನೋಡಿ ಆಮೇಲೆ ಹೊರಡಲಿ.

ಅಮೆರಿಕದ ವಿಮಾನ ನಿಲ್ದಾಣದಲ್ಲಿ ಸಾಮಾನ್ಯವಾಗಿ ಆರು ತಿಂಗಳು ಇರಲು ಒಪ್ಪಿಗೆ ಕೊಡುತ್ತಾರೆ. ಟಿಕೆಟ್‌ಗೆ ಇಷ್ಟು ಕೊಟ್ಟಿದ್ದೇವೆ, ಆರೂ ತಿಂಗಳು ಇರಲಿ ಎಂದು ನೀವು ಹಟ ಹಿಡಿಯುತ್ತೀರಿ. ಕೆನಡಾದ ಸೂಪರ್ ವೀಸಾ ಇದ್ದವರಿಗಂತೂ ಒಂದೇ ಸಲಕ್ಕೆ ಐದು ವರ್ಷದವರೆಗೆ ಅವಕಾಶ. ಆರು ತಿಂಗಳೆಂದರೆ ಅಲ್ಲಿನ ಎರಡು ಋತು, ಒಂದು ಒಳ್ಳೆಯದಿದ್ದರೂ ಇನ್ನೊಂದು ಬಿರುಸಿನದು ಬರಬಹುದು. ಮೂರು ತಿಂಗಳು ಸಾಕು. ನಾಲ್ಕನೆಯ ತಿಂಗಳಿಗೆ ಇವರು ಕ್ಯಾಲೆಂಡರಿನ ಹಾಳೆ ತಿರುವುತ್ತಿದ್ದುದನ್ನು ನಾನು ನೋಡಿದ್ದೇನೆ. ಮಗನೆದುರು ಎಂದೂ ತಿರುವಲಿಲ್ಲ.

ಇನ್ನು ನನ್ನ ಕೊನೆಯ ಬಿನ್ನಹ, ಎಲ್ಲಕ್ಕಿಂತ ದೊಡ್ಡದು. ಯಾವಾಗ ಬರ್ತೀರಿ ಎಂದು ಅಪ್ಪ-ಅವ್ವನನ್ನು ಕೇಳಿದರೆ, "ನಿಮಗ ಹ್ಯಾಂಗ ಅನುಕೂಲ ಆಗ್ತದ ಹಂಗ ಮಾಡ್ರಿ" ಎನ್ನುತ್ತಾರೆ. ದಯವಿಟ್ಟು ಆ ಉತ್ತರಕ್ಕೆ ಟಿಕೆಟ್ ತೆಗೆಯಬೇಡಿ. ಅದು ಉತ್ತರವೇ ಅಲ್ಲ, ಮಕ್ಕಳಿಗೆ ಹೊರೆಯಾಗಬಾರದೆಂಬ ಹಿಂಜರಿಕೆ. ಪ್ರಶ್ನೆಯನ್ನೇ ಬದಲಿಸಿ ಕೇಳಿ. ಈ ಭಾನುವಾರ ಫೋನ್ ಮಾಡಿದಾಗ ಪ್ರವಾಸದ ಮಾತೇ ಎತ್ತಬೇಡಿ. "ಅಪ್ಪಾ, ಹೊಲದಾಗ ಈಗ ಏನೈತಿ? ರಾಶಿ ಯಾವಾಗ?" ಎಂದು ಕೇಳಿ. ಅವ್ವನಿಗೆ, "ಪಂಚಮಿಗೆ ಅಕ್ಕ ಬರ್ತಾಳೇನು?" ಎಂದು ಕೇಳಿ. ಅವರು ಹೇಳುತ್ತ ಹೋಗುತ್ತಾರೆ, ಅರ್ಧ ಗಂಟೆಯಾದರೂ ನಿಲ್ಲಿಸುವುದಿಲ್ಲ. ಒಂದು ಕಾಗದದ ಮೇಲೆ ತಿಂಗಳುಗಳನ್ನು ಬರೆದುಕೊಂಡು, ಅವರು ಹೇಳಿದ್ದಕ್ಕೆಲ್ಲ ಗುರುತು ಹಾಕುತ್ತ ಹೋಗಿ. ಕೊನೆಗೆ ಯಾವ ತಿಂಗಳು ಖಾಲಿ ಉಳಿಯಿತು ಎಂದು ನೋಡಿ, ಆಮೇಲೆ ಟಿಕೆಟ್ ತೆಗೆಯಿರಿ.

ನಿಮ್ಮ ಹಿತ ಬಯಸುವ,

ಒಬ್ಬ ನಿವೃತ್ತ ಶಿಕ್ಷಕಿ
ತಂಗಡಗಿ, ಮುದ್ದೇಬಿಹಾಳ ತಾಲ್ಲೂಕು
ವಿಜಯಪುರ ಜಿಲ್ಲೆ